ಲಿಂಗು ಕಂಪ್ಯೂಟರ್ ನೋಡೋಕೆ ಹೋದದ್ದು

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದ್ರೆ ನಕ್ಕುಬಿಡಿ, ತಡ್ಕೊಂಡು ಹೊಟ್ಟೆನೋವು ಬರಿಸ್ಕೊಂಡು ನನ್ನ ಮೇಲೆ ಹಾಕಬೇಡಿ.

ಚನ್ನರಾಯಪಟ್ಟಣದ ಕಾಲೇಜು ರಸ್ತೇಲಿ ಹೊಂಬಾಳಮ್ಮ ಅಂತ ಇದ್ಲು. ಇಡ್ಲಿ ಹೋಟ್ಲು ಇಟ್ಕೊಂಡಿದ್ಲು. ಅವಳ ಇಡ್ಲಿ ಮೆತ್ತಗೆ, ಮಾತು ಖಾರ. ಗಂಡ ಹೋಗಿ ಬಹಳ ಕಾಲ ಆಗಿತ್ತು, ಇದ್ದೋನು ಒಬ್ಬನೇ ಮಗ, ಲಿಂಗು. ಆಳು ನೋಡಿದ್ರೆ ಬಾಗಿಲ ತುಂಬ, ಬುದ್ಧಿ ನೋಡಿದ್ರೆ ಚಮಚದ ತುಂಬ. ಕೆಟ್ಟೋನಲ್ಲ. ಸೋಮಾರಿಯೂ ಅಲ್ಲ. ಹೇಳಿದ ಮಾತು ಮೀರೋನೇ ಅಲ್ಲ, ಅದೇ ನೋಡಿ ತೊಂದರೆ. ಹಾಲು ಒಲೆ ಮೇಲಿಟ್ಟು "ನೋಡ್ತಾ ಇರೋ" ಅಂದ್ರೆ, ಕಾಯೋದನ್ನ ನೋಡೋನು, ಉಕ್ಕೋದನ್ನ ನೋಡೋನು, ಒಲೆ ಆರೋದನ್ನೂ ನೋಡೋನು. ಆಮೇಲೆ "ಎಲ್ಲಾ ನೋಡ್ದೆ ಕಣವ್ವ" ಅನ್ನೋನು.

ಹೊಂಬಾಳಮ್ಮನಿಗೆ ಒಂದೇ ಯೋಚನೆ. ನಾನು ಹೋದ್ಮೇಲೆ ಇವನ್ನ ಯಾರು ನೋಡ್ಕೋತಾರೆ? ಒಂದು ಹೆಣ್ಣು ತಂದು ಕಟ್ಟಿದ್ರೆ ನೆಮ್ಮದಿ. ಹೆಣ್ಣು ಕೊಡೋರು ಬರ್ತಿದ್ರು, ಇಡ್ಲಿ ತಿಂತಿದ್ರು, ಹುಡುಗನ್ನ ಮಾತಾಡಿಸ್ತಿದ್ರು, ಕೈ ತೊಳ್ಕೊಂಡು ಹೋಗ್ತಿದ್ರು. ಹೋದೋರು ಹೋದ್ರೇ.

ಹೋಟ್ಲ ಪಕ್ಕದಲ್ಲೊಂದು ಕೋಣೆ ಖಾಲಿ ಬಿದ್ದಿತ್ತು. ಇಡ್ಲಿ ತಿನ್ನೋ ಕಾಲೇಜು ಹುಡುಗ್ರು "ಇಲ್ಲೊಂದು ಗೇಮ್ ಆಡೋ ಕಂಪ್ಯೂಟರ್ ಹಾಕಿಸಿ ಅಮ್ಮ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತೀವಿ" ಅಂದ್ರು. ಹೊಂಬಾಳಮ್ಮನಿಗೆ ತಲೇಲಿ ದೀಪ ಹತ್ತಿತು. ಒಂದು ಕಂಪ್ಯೂಟರ್ ಬಂದ್ರೆ ಅಂಗಡಿ ಆಯ್ತು. ಅಂಗಡಿ ಇರೋ ಗಂಡಿಗೆ ಯಾರಾದ್ರೂ ಹೆಣ್ಣು ಕೊಟ್ಟೇ ಕೊಡ್ತಾರೆ.

ಆ ದಿನ ಬೆಳಗ್ಗೆ ಮೊದಲು ಚಟ್ನಿಗೆ ಅಂತ ತೆಂಗಿನಕಾಯಿ ತರೋಕೆ ಲಿಂಗುನ್ನ ಕಳಿಸಿದ್ಲು. ಅವನು ತಂದ. ಒಡೆದ್ರೆ ಎಲ್ಲಾ ಕೊಳೆತಿದ್ವು.

"ಲೋ, ನೋಡಿ ತರಬಾರ್ದೇನೋ?"

"ನೋಡೇ ತಂದೆ ಕಣವ್ವ. ಎಲ್ಲಾ ಗುಂಡಗಿದ್ವು."

"ನನ್ನ ಕರ್ಮ. ಯಾವುದೇ ಸಾಮಾನು ತಗೊಂಡ್ರೂ ಹಂಗೇ ತರಬಾರ್ದು ಕಣೋ. ಬೆರಳಲ್ಲಿ ತಟ್ಟು. ಕಿವಿ ಹತ್ರ ಹಿಡಿದು ಚೆನ್ನಾಗಿ ಅಲ್ಲಾಡಿಸು. ಒಳಗೆ ನೀರಾಡಿದ್ರೆ ತಗೋ, ಇಲ್ಲದಿದ್ರೆ ಬಿಡು. ಗೊತ್ತಾಯ್ತಾ?"

"ಗೊತ್ತಾಯ್ತು. ತಟ್ಟು, ಅಲ್ಲಾಡಿಸು, ನೀರು ಕೇಳು."

ಮಧ್ಯಾಹ್ನ ಹೋಟ್ಲು ಬಿಟ್ಟು ಅವಳು ಏಳೋ ಹಂಗಿರಲಿಲ್ಲ. "ಬಸ್ ಸ್ಟ್ಯಾಂಡ್ ಹತ್ರ ಪ್ರಭಣ್ಣನ ಕಂಪ್ಯೂಟರ್ ಅಂಗಡಿ ಐತಲ್ಲ, ಅಲ್ಲಿ ಆಟದ ಕಂಪ್ಯೂಟರ್ ಚೆನ್ನಾಗಿದೆಯಾ ನೋಡ್ಕೊಂಡು ಬಾ" ಅಂತ ಕಳಿಸಿದ್ಲು.

ಪ್ರಭಣ್ಣ ಒಳ್ಳೆ ವ್ಯಾಪಾರಸ್ಥ, ಕೋಪ ಮಾತ್ರ ಮೂಗಿನ ತುದೀಲಿ. ಎಲ್ಲಾ ಜೋಡಿಸಿ ತಯಾರಾಗಿ ಬಂದ ಕಂಪ್ಯೂಟರ್ ಒಂದನ್ನ ಮೇಜಿನ ಮೇಲಿಟ್ಟಿದ್ದ. ಪಕ್ಕಕ್ಕೆ ಗಾಜು, ಒಳಗೆ ಗಿರಗಿರ ತಿರುಗೋ ಫ್ಯಾನು, ಮದುವೆ ಮನೆ ಸೀರಿಯಲ್ ಸೆಟ್ ಥರ ಕೆಂಪು ನೀಲಿ ಲೈಟು. "ಬಾರಪ್ಪ, ಇದರಲ್ಲಿ ಎಂಥಾ ಗೇಮ್ ಹಾಕಿದ್ರೂ ತಡವರಿಸಲ್ಲ" ಅಂದ.

ಲಿಂಗು ಬೆರಳು ಮಡಿಚಿ ಗಾಜಿನ ಮೇಲೆ ತಟ್ಟಿದ. ಆಮೇಲೆ ವೈರು ಕಿತ್ತ, ಎರಡೂ ಕೈಲಿ ಕಂಪ್ಯೂಟರ್ ಎತ್ತಿದ, ಕಿವಿಗೆ ಆನಿಸ್ಕೊಂಡ, ಅಲ್ಲಾಡಿಸಿದ. ಹೆಂಗೆ ಅಲ್ಲಾಡಿಸಿದ ಅಂತೀರಿ? ಒಳಗಿದ್ದ ಗ್ರಾಫಿಕ್ಸ್ ಕಾರ್ಡು ಜಾಗ ಬಿಟ್ಟು ಲೊಟಲೊಟ ಅಂತು.

"ನೀರಿಲ್ಲ ಅಣ್ಣ" ಅಂದ ಲಿಂಗು. "ಒಣಗಿಹೋಗೈತೆ. ಒಳಗೆ ಕೊಬ್ಬರಿ ಅಲ್ಲಾಡ್ತೈತೆ."

ಪ್ರಭಣ್ಣ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸ್ತು. ಕಂಪ್ಯೂಟರ್ ಕಿತ್ಕೊಂಡ, ಕಾರ್ಡನ್ನ ಅದರ ಜಾಗಕ್ಕೆ ಒತ್ತಿದ, ವೈರು ಹಾಕಿದ, ಲೈಟು ಬಂತು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಲಿಂಗುನ್ನ ಹೊಸ್ತಿಲಾಚೆ ನಿಲ್ಲಿಸಿ ಬುದ್ಧಿ ಹೇಳಿದ. "ಅಲ್ಲಾಡಿಸೋಕೆ ಇದೇನು ಜಾತ್ರೆ ಗಿಲಕಿಯೇನೋ? ಹೊಸದು ಮನೆಗೆ ತರೋ ಮುಂಚೆ ಬಾಯಿಬಿಟ್ಟು ಕೇಳ್ಬೇಕು. ಹೊರಗಿನ ಬಣ್ಣಕ್ಕೆ ಮರುಳಾಗಬಾರ್ದು. ಯಾವ ವರ್ಷದ್ದು? ಒಳಗಿರೋದೆಲ್ಲ ಒರಿಜಿನಲ್ಲಾ, ಬದಲಾಯಿಸಿದ್ದಾ? ಒಂದು ಗಂಟೆ ಕೆಲಸ ಮಾಡಿದ್ರೆ ಎಷ್ಟು ಬಿಸಿ ಆಗುತ್ತೆ? ಗ್ಯಾರಂಟಿ ಎಷ್ಟು? ಕೆಟ್ರೆ ಯಾರು ನೋಡ್ಕೋತಾರೆ? ಇದನ್ನ ಕೇಳೋಕೆ ಕಲಿತು ಬಾ, ಹೋಗು."

ಲಿಂಗು ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದ. ಯಾವ ವರ್ಷ, ಒರಿಜಿನಲ್ಲಾ, ಎಷ್ಟು ಬಿಸಿ, ಗ್ಯಾರಂಟಿ ಎಷ್ಟು, ಕೆಟ್ರೆ ಯಾರು.

ಇತ್ತ ಮನೇಲಿ ಹೊಂಬಾಳಮ್ಮ ನಾಳೆಗೆ ಉಡೋಕೆ ಒಳ್ಳೆ ಸೀರೆ ಹುಡುಕ್ತಿದ್ಲು. ಮಗ ಕಂಪ್ಯೂಟರ್ ಅಂಗಡಿ ಹಾಕ್ತಾನಂತೆ ಅನ್ನೋ ಸುದ್ದಿ ಹಿರೀಸಾವೆವರೆಗೂ ಹೋಗಿತ್ತು. ಅಲ್ಲಿ ಹಿಟ್ಟಿನ ಮಿಲ್ ಇಟ್ಟಿರೋ ಮಾಯಿಗೌಡ್ರು ಮಗಳನ್ನ ತೋರಿಸ್ತೀವಿ, ನಾಳೆಯೇ ಬನ್ನಿ ಅಂತ ಹೇಳಿಕಳಿಸಿದ್ರು. ಅವಳು ಖುಷಿಗೆ ಕಂಪ್ಯೂಟರ್ ವಿಷಯ ಕೇಳೋದನ್ನೇ ಮರೆತ್ಲು.

ಮಾರನೇ ದಿನ ಹೋದ್ರು. ಚಾಪೆ ಹಾಸಿದ್ರು, ಉಪ್ಪಿಟ್ಟು ಕೇಸರಿಬಾತು ಬಂತು. ಹುಡುಗಿ ಯಶೋದೆ ಕಾಫಿ ತಂದು ಎದುರಿಗೆ ಕೂತ್ಲು. ತಾಯಿ ಇಲ್ಲದ ಹುಡುಗಿ, ಅಪ್ಪನ ಮಿಲ್ಲನ್ನ ಅವಳೇ ನಡೆಸ್ತಿದ್ಲು. ರೆಪ್ಪೆ ಮೇಲೆ ಇನ್ನೂ ಒಂಚೂರು ರಾಗಿ ಹಿಟ್ಟಿತ್ತು. ಹೊಂಬಾಳಮ್ಮನಿಗೆ ನೋಡಿದ ತಕ್ಷಣ ಇಷ್ಟ ಆಗೋಯ್ತು. ದೇವರೇ, ಇವನು ಬಾಯಿ ಬಿಡದೆ ಇರ್ಲಿ ಅಂತ ಬೇಡ್ಕೊಂಡ್ಲು.

ಮಾಯಿಗೌಡ್ರು "ಹುಡುಗ ಏನಾದ್ರೂ ಕೇಳೋದಿದ್ರೆ ಕೇಳ್ಲಿ" ಅಂದ್ರು.

ಲಿಂಗು ಗಂಟಲು ಸರಿಮಾಡ್ಕೊಂಡ. "ಯಾವ ವರ್ಷದ್ದು?"

ಯಶೋದೆ ಹುಟ್ಟಿದ ವರ್ಷ ಹೇಳಿದ್ಲು.

"ಒಳಗಿರೋದೆಲ್ಲ ಒರಿಜಿನಲ್ಲಾ?"

ಹೊಂಬಾಳಮ್ಮ ಮಗನ ತೊಡೆ ಚಿವುಟಿದ್ಲು. ಅವನು ನಿಲ್ಲಲಿಲ್ಲ.

"ಒಂದು ಹಲ್ಲು ಕಟ್ಟಿಸಿದ್ದು" ಅಂದ್ಲು ಯಶೋದೆ. ನಗು ತಡ್ಕೊಂಡು ಅವಳ ತುಟಿ ಅಲುಗ್ತಿತ್ತು.

"ಒಂದು ಗಂಟೆ ಕೆಲಸ ಮಾಡಿದ್ರೆ ಎಷ್ಟು ಬಿಸಿ ಆಗುತ್ತೆ?"

"ಕೆಲಸಕ್ಕೆ ಬಿಸಿ ಆಗಲ್ಲ. ಇಂಥ ಮಾತು ಕೇಳಿದ್ರೆ ಒಂದೊಂದ್ಸಲ ಆಗುತ್ತೆ."

"ಗ್ಯಾರಂಟಿ ಎಷ್ಟು? ಕೆಟ್ರೆ ಯಾರು ನೋಡ್ಕೋತಾರೆ?"

ಮಾಯಿಗೌಡ್ರು ಎದ್ದು ನಿಂತ್ರು. "ಏನಮ್ಮ ಹೊಂಬಾಳಮ್ಮ, ಹೆಣ್ಣು ನೋಡೋಕೆ ಬಂದಿದೀರೋ ಮೋಟ್ರು ನೋಡೋಕೆ ಬಂದಿದೀರೋ?" ಅಂದ್ರು. ಹೊಂಬಾಳಮ್ಮನಿಗೆ ನೆಲ ಬಾಯಿಬಿಟ್ರೆ ಇಳಿದುಬಿಡೋಣ ಅನ್ನಿಸ್ತು.

ಆದರೆ ಯಶೋದೆ ಅಪ್ಪನ್ನ ಒಳಗೆ ಕರ್ಕೊಂಡು ಹೋದ್ಲು. ಗೋಡೆ ತೆಳ್ಳಗಿತ್ತು, ಮಾತು ಕೇಳಿಸ್ತಿತ್ತು. "ಹಿಂದೆ ಬಂದೋರೆಲ್ಲ ಒಡವೆ ಎಷ್ಟು ಹಾಕ್ತೀರಿ ಅಂತ ಸುತ್ತಿ ಬಳಸಿ ಕೇಳಿದ್ರು ಅಪ್ಪಯ್ಯ. ಕೆಲಸ ಮಾಡಿದ್ರೆ ನಿಂಗೆ ಏನಾಗುತ್ತೆ ಅಂತ ಇದುವರೆಗೂ ಒಬ್ರೂ ಕೇಳಿರಲಿಲ್ಲ."

ಮಾಯಿಗೌಡ್ರು ಹೊರಗೆ ಬಂದು ಕಡ್ಡಿ ಮುರಿದಂಗೆ ಹೇಳಿದ್ರು. "ನಿಮ್ಮ ಮಗ ಆ ಕಂಪ್ಯೂಟರನ್ನ ನೆಟ್ಟಗೆ ನೋಡಿ, ನೆಟ್ಟಗೆ ತಂದು ಅಂಗಡಿ ಹಾಕ್ಲಿ. ಆಗ ಹೆಣ್ಣು ಕೊಡ್ತೀನಿ. ಆಗಲಿಲ್ಲ ಅಂದ್ರೆ ಈ ಕಡೆ ತಲೆ ಹಾಕಬೇಡಿ."

ಬಸ್ಸಲ್ಲಿ ಹೊಂಬಾಳಮ್ಮ ಉದ್ದಕ್ಕೂ ಬೈದ್ಲು. "ನೋಡೋಕೆ ಹೋದ ಕಡೆ ಹಂಗೆಲ್ಲ ಕೇಳ್ತಾರೇನೋ? ತಲೆ ತಗ್ಗಿಸ್ಕೊಂಡು ಕೂತ್ಕೋಬೇಕು. ಕೊಟ್ಟಿದ್ದು ತಿನ್ನಬೇಕು. ಎಷ್ಟು ಓದಿದೆ ಅಂತ ಕೇಳ್ಬೇಕು, ಒಂದು ಹಾಡು ಹೇಳಿಸ್ಬೇಕು. ಇಷ್ಟ ಆದ್ರೂ ಅಲ್ಲೇ ಹ್ಞೂಂ ಅನ್ನಬಾರ್ದು. ಮನೆಗೆ ಹೋಗಿ ತಿಳಿಸ್ತೀವಿ ಅಂತ ಎದ್ದು ಬರಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ. ನೋಡೋಕೆ ಹೋದ ಕಡೆ ತಲೆ ತಗ್ಗಿಸ್ಬೇಕು."

ಮರುದಿನ ದುಡ್ಡು ಕೊಟ್ಟು ಪ್ರಭಣ್ಣನ ಅಂಗಡಿಗೆ ಕಳಿಸಿದ್ಲು. ಲಿಂಗು ತಲೆ ಬಾಚಿ, ಬಿಳಿ ಪಂಚೆ ಉಟ್ಟು ಹೋದ. ಕಂಪ್ಯೂಟರ್ ಎದುರಿಗೆ ಕೂತು ತಲೆ ತಗ್ಗಿಸಿದ. ಕಾಲು ಗಂಟೆ ಆದ್ರೂ ಎತ್ತಲಿಲ್ಲ.

"ಏನಪ್ಪ, ನೋಡಲ್ವಾ?" ಅಂದ ಪ್ರಭಣ್ಣ.

"ಉಪ್ಪಿಟ್ಟು ಬರ್ಲಿ" ಅಂದ ಲಿಂಗು.

ಪ್ರಭಣ್ಣನಿಗೆ ಆ ದಿನ ಗಿರಾಕಿನೇ ಬಂದಿರಲಿಲ್ಲ. ಹಾಳಾಗಿ ಹೋಗ್ಲಿ ಅಂತ ಪಕ್ಕದ ಹೋಟ್ಲಿಂದ ಉಪ್ಪಿಟ್ಟು ತರಿಸ್ಕೊಟ್ಟ. ಲಿಂಗು ತಿಂದ, ಕೈ ಒರೆಸ್ಕೊಂಡ, ಕಣ್ಣಂಚಲ್ಲಿ ಒಂದ್ಸಲ ಕಂಪ್ಯೂಟರ್ ನೋಡಿ ಮತ್ತೆ ತಲೆ ತಗ್ಗಿಸಿದ.

"ಎಷ್ಟು ಓದಿದೆ?"

"ಏನು ಓದೋದು? ಅದರೊಳಗೆ ಜಗತ್ತೇ ಐತೆ."

"ಒಂದು ಹಾಡು ಹೇಳಿಸಿ."

ಪ್ರಭಣ್ಣ ಸ್ಪೀಕರ್ ಹಾಕಿ ಒಂದು ದೇವರ ನಾಮ ಬಿಟ್ಟ. ಲಿಂಗು ತಲೆದೂಗಿದ. "ಕಂಠ ಚೆನ್ನಾಗೈತೆ. ಒಡಹುಟ್ಟಿದೋರು ಎಷ್ಟು ಜನ?"

"ಇದೇ ಥರದ್ದು ಇನ್ನೆರಡು ಬಂದಿದ್ವು. ಹೊರಟುಹೋದ್ವು."

"ಒಳ್ಳೆ ಮನೆ ಸೇರಿದ್ವಾ?"

"ಸೇರಿದ್ವು ಕಣಪ್ಪ. ನೀನು ತಗೋತೀಯೋ ಇಲ್ವೋ?"

ಲಿಂಗು ನಾಚ್ಕೊಂಡ. "ಮನೆಗೆ ಹೋಗಿ ತಿಳಿಸ್ತೀವಿ" ಅಂತ ಕೈ ಮುಗಿದು ಎದ್ದು ಬಂದ.

ಹೊಂಬಾಳಮ್ಮನಿಗೆ ಅಳೋದೋ ನಗೋದೋ ಗೊತ್ತಾಗ್ಲಿಲ್ಲ. ಸೆರಗಲ್ಲಿ ಮುಖ ಮುಚ್ಕೊಂಡು ಅತ್ತೇಬಿಟ್ಲು. "ನಾನು ಸತ್ರೆ ನಿನ್ನ ಗತಿ ಏನೋ ಮಗನೇ" ಅಂದ್ಲು. ಲಿಂಗು ಅವಳ ಕಾಲ ಹತ್ರ ಕೂತು "ಅಳಬೇಡ ಕಣವ್ವ, ಹೆಂಗೆ ನೋಡ್ಬೇಕು ಹೇಳು, ಹಂಗೇ ನೋಡ್ತೀನಿ" ಅಂದ.

ಅವಳು ಕಣ್ಣೊರೆಸ್ಕೊಂಡ್ಲು. "ಒಂದು ಗಂಟೆ ಗೇಮ್ ಓಡಿಸು. ಕಂಪ್ಯೂಟರ್ ಮೇಲೆ ಕೈ ಇಟ್ಕೊಂಡಿರು. ಕೈ ಸುಡೋವಷ್ಟು ಬಿಸಿ ಆಗದೆ, ಮಧ್ಯೆ ನಿಲ್ಲದೆ ಓಡಿದ್ರೆ ದುಡ್ಡು ಕೊಟ್ಟು ತಗೊಂಡು ಬಾ. ಪ್ರಭಣ್ಣ ಹೇಳಿದಂಗೆ ಕೇಳು."

ಆ ಸಲ ಹೇಳಿದ ಬುದ್ಧಿಗೂ ಮಾಡೋ ಕೆಲಸಕ್ಕೂ ಹೆಂಗೋ ಗಂಟು ಬಿತ್ತು. ಲಿಂಗು ಹೋದ, ಗೇಮ್ ಹಾಕಿಸಿದ, ಕಂಪ್ಯೂಟರ್ ನೆತ್ತಿ ಮೇಲೆ ಅಂಗೈ ಇಟ್ಟ. ನೊಣ ಮೂಗಿನ ಮೇಲೆ ಕೂತ್ರೂ ಕೈ ತೆಗೀಲಿಲ್ಲ. ಅದೇ ಹೊತ್ತಿಗೆ ಮಿಲ್ಲಿಗೆ ಬೆಲ್ಟು ತಗೊಳೋಕೆ ಪೇಟೆಗೆ ಬಂದಿದ್ದ ಮಾಯಿಗೌಡ್ರು, ಹುಡುಗ ಏನು ಮಾಡ್ತಾನೋ ನೋಡೋಣ ಅಂತ ಮಗಳ ಜೊತೆ ಅಂಗಡಿಗೆ ಬಂದ್ರು.

"ಏನು ಮಾಡ್ತಿದೀರಿ?" ಅಂದ್ಲು ಯಶೋದೆ.

"ಬಿಸಿ ನೋಡ್ತಿದೀನಿ."

"ನಾನೂ ಮಿಲ್ ಮೋಟ್ರನ್ನ ಹಿಂಗೇ ನೋಡೋದು" ಅಂತ ಅವಳೂ ಕೈ ಇಟ್ಲು. ಒಂದು ಗಂಟೆ ಆಯ್ತು. ಕಂಪ್ಯೂಟರ್ ನಿಲ್ಲಲಿಲ್ಲ, ಕೈ ಸುಡಲಿಲ್ಲ. ಮಾಯಿಗೌಡ್ರು ಬೆಲ್ಟಿನ ಅಂಗಡೀಲಿ ಯಾವತ್ತೂ ಇಷ್ಟು ಹೊತ್ತು ಪರೀಕ್ಷೆ ಮಾಡಿ ತಗೊಂಡೋರಲ್ಲ. ಮೀಸೆ ಸವರ್ಕೊಂಡು "ಆಗಬಹುದು" ಅಂದ್ರು.

ಪ್ರಭಣ್ಣ ಕಂಪ್ಯೂಟರನ್ನ ದೊಡ್ಡ ರಟ್ಟಿನ ಡಬ್ಬಕ್ಕೆ ಹಾಕಿ ಕಟ್ಟಿದ. "ಕೇಳಿಸ್ಕೊ. ಮನೆಗೆ ತಂದ ಒಂದು ವಾರ ಈ ಡಬ್ಬ ಬಿಸಾಕಬೇಡ. ವಾರದೊಳಗೆ ಸರಿ ಬರಲಿಲ್ಲ ಅಂದ್ರೆ ಇದರಲ್ಲೇ ಇಟ್ಟು, ಟೇಪು ಅಂಟಿಸಿ ತಂದ್ಕೊಡು, ವಾಪಸ್ ತಗೋತೀನಿ. ಡಬ್ಬ ಇಲ್ಲ ಅಂದ್ರೆ ವಾಪಸ್ ಇಲ್ಲ."

"ಗೊತ್ತಾಯ್ತು" ಅಂದ ಲಿಂಗು. ಆಟೋದಲ್ಲಿ ತಂದ, ಕೋಣೇಲಿಟ್ಟ, ಹುಡುಗ್ರು ಮುತ್ಕೊಂಡ್ರು, ಅಂಗಡಿ ನಡೀತು. ಡಬ್ಬನ ಮಾತ್ರ ಅಟ್ಟದ ಮೇಲೆ ಜೋಪಾನ ಮಾಡಿದ. ವಾರ ಕಳೀತು, ತಿಂಗಳು ಕಳೀತು. ಬಿಸಾಕು ಅಂತ ಯಾರೂ ಹೇಳಿರಲಿಲ್ವಲ್ಲ, ಅದಕ್ಕೆ ಅಲ್ಲೇ ಇತ್ತು.

ಮದುವೆ ಆಯ್ತು. ತಾಳಿ ಕಟ್ಟಿದ, ಅಕ್ಕಿಕಾಳು ಬಿತ್ತು, ಎಲ್ಲಾ ಸುಸೂತ್ರ. ಕೊನೆಗೆ ಹೆಣ್ಣು ಒಪ್ಪಿಸೋ ಹೊತ್ತು ಬಂತು. ಮಾಯಿಗೌಡ್ರು ಮಗಳ ಕೈಯನ್ನ ಹೊಂಬಾಳಮ್ಮನ ಕೈಗಿಟ್ಟು, "ತಾಯಿ ಇಲ್ಲದ ಕೂಸು, ನಿಮ್ಮ ಮಡಿಲಿಗೆ ಹಾಕಿದೀನಿ" ಅಂದ್ರು. ಹೆಂಗಸರೆಲ್ಲ ಮೂಗು ಒರೆಸ್ಕೊಂಡ್ರು.

ಲಿಂಗು ಹತ್ರ ಬಂದ. "ಮಾವ, ಡಬ್ಬ?"

"ಯಾವ ಡಬ್ಬ?"

"ಇವಳು ಬಂದ ಡಬ್ಬ. ಒಂದು ವಾರ ಇಟ್ಕೋಬೇಕಂತಲ್ಲ."

ಮಾಯಿಗೌಡ್ರ ಮುಖ ಕೆಂಪಾಯ್ತು. ಹೊಂಬಾಳಮ್ಮ ಹಣೆ ಚಚ್ಕೊಂಡ್ಲು, ಕೈಗೆ ಬಂದದ್ದು ಬಾಯಿಗೆ ಬರಲಿಲ್ವಲ್ಲಪ್ಪ ಅಂತ. ಯಶೋದೆ ಕಣ್ಣಲ್ಲಿ ನೀರಿತ್ತು, ಅದರಲ್ಲೇ ನಗು ಬಂತು. "ನನ್ನ ಡಬ್ಬ ಇಲ್ಲ, ವಾಪಸ್ಸೂ ಇಲ್ಲ" ಅಂದ್ಲು. ಆಮೇಲೆ ಅತ್ತೆ ಕಡೆ ತಿರುಗಿದ್ಲು. "ಇವರ ಡಬ್ಬ ಇದೆಯಾ ಅತ್ತೆ?"

"ಇವನು ಹುಟ್ಟಿದ ದಿನವೇ ಒಲೆಗೆ ಹಾಕ್ದೆ ಕಣಮ್ಮ" ಅಂದ್ಲು ಹೊಂಬಾಳಮ್ಮ. "ಸುಮ್ನೆ ಇಟ್ಕೊಂಡುಬಿಡು."

ಎಲ್ಲಾ ನಕ್ರು, ಮಾಯಿಗೌಡ್ರೂ ನಕ್ರು. ಲಿಂಗು ನಗಲಿಲ್ಲ. ಅವನ ತಲೇಲಿ ಆ ಮಾತು ಕೂತುಬಿಡ್ತು. ತನ್ನ ಡಬ್ಬ ಇಲ್ವಂತೆ. ಪಾಪ, ಈ ಹುಡುಗಿಗೆ ನಾನು ಸರಿ ಬರಲಿಲ್ಲ ಅಂದ್ರೆ ಏನು ಮಾಡ್ತಾಳೆ?

ವಾರ ಆಯ್ತು. ಯಶೋದೆ ಬೆಳಗ್ಗೆ ಇಡ್ಲಿ ಹಿಟ್ಟು ಕಲಸಿ ಬರೋ ಹೊತ್ತಿಗೆ ನಡುಮನೇಲಿ ಆ ದೊಡ್ಡ ರಟ್ಟಿನ ಡಬ್ಬ ಇತ್ತು. ಅದರೊಳಗೆ ಲಿಂಗು ಮಂಡಿ ಮಡಚಿ, ಕುತ್ತಿಗೆ ಕುಗ್ಗಿಸಿ ಕೂತಿದ್ದ. ಅರ್ಧ ಒಳಗೆ, ಅರ್ಧ ಹೊರಗೆ. ಕೈಲಿ ಟೇಪು ಹಿಡ್ಕೊಂಡಿದ್ದ.

"ಇದೇನ್ರೀ ಇದು?"

"ಇವತ್ತೇ ಕೊನೇ ದಿನ" ಅಂದ ಲಿಂಗು. "ನಾನು ನಿಂಗೆ ಸರಿ ಬರಲಿಲ್ಲ ಅಂದ್ರೆ ಅವ್ವನಿಗೆ ವಾಪಸ್ ಕೊಟ್ಬಿಡು. ಡಬ್ಬ ಒಂಚೂರು ಬಿಗಿ, ಅಡ್ಜಸ್ಟ್ ಮಾಡ್ಕೋತೀನಿ. ಟೇಪು ಮಾತ್ರ ನೀನೇ ಅಂಟಿಸ್ಬೇಕು, ಒಳಗಿಂದ ನಂಗೆ ಆಗ್ತಿಲ್ಲ."

ಅಡುಗೆಮನೆ ಬಾಗಿಲಲ್ಲಿ ಹೊಂಬಾಳಮ್ಮ ಸೌಟು ಹಿಡ್ಕೊಂಡು ನಿಂತಿದ್ಲು.

ಯಶೋದೆ ಒಳಗೆ ಹೋಗಿ ಈಳಿಗೆಮಣೆ ಪಕ್ಕದಿಂದ ಚಾಕು ತಂದ್ಲು. ಅವನು ಕೂತಿದ್ದ ಹಂಗೇ ಡಬ್ಬನ ನಾಲ್ಕು ಮೂಲೆಗೂ ಸೀಳಿದ್ಲು. ರಟ್ಟನ್ನ ತುಂಡು ತುಂಡು ಮಾಡಿ ಬಚ್ಚಲ ಒಲೆಗೆ ತುರುಕಿದ್ಲು. ನೀರು ಕಾಯೋಕೆ ಶುರುವಾಯ್ತು.

ಲಿಂಗು ಬರೀ ನೆಲದ ಮೇಲೆ ಮಂಡಿ ಮಡಚ್ಕೊಂಡೇ ಕೂತು, ಒಲೆ ಕಡೆ ನೋಡ್ತಾ, "ಹೋಯ್ತಲ್ಲೇ, ಇನ್ನು ಯಾರು ಹೇಳಿದ್ರೂ ಅವ್ವ ನನ್ನ ವಾಪಸ್ ತಗೊಳಲ್ವಲ್ಲೇ" ಅಂತ ಗೋಳೋ ಅಂತ ಅತ್ತ.