ನಿಂಬೆಹಣ್ಣಿನೊಳಗೆ ಕೂತ ಇಂಟರ್ನೆಟ್ಟು

ಒಂದಾನೊಂದು ಊರಿನಲ್ಲಿ ಒಂದು ರಸ್ತೆ ಇತ್ತು. ಊರಿಗೆ ರಸ್ತೆ ಇರುವುದು ದೊಡ್ಡ ಸಂಗತಿಯಲ್ಲ. ಆದರೆ ಈ ರಸ್ತೆಯಲ್ಲಿ ನೇರ ಅನ್ನುವ ಜಾಗವೇ ಇರಲಿಲ್ಲ. ಎಷ್ಟು ಡೊಂಕು ಅಂದರೆ, ಗಾಡಿ ಓಡಿಸುವವನಿಗೆ ತನ್ನದೇ ಗಾಡಿಯ ಹಿಂಭಾಗ ಎದುರಿಗೆ ಕಾಣಿಸುತ್ತಿತ್ತು. ಹೊಸಬರು ತಮಗೆ ತಾವೇ ಹಾರ್ನ್ ಹೊಡೆದುಕೊಂಡು, ಸೈಡು ಬಿಡಲಿಲ್ಲ ಅಂತ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಿದ್ದರು. ಊರಿನ ಹೆಸರು ತಿರುವಿನಕೊಪ್ಪ. ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಇಷ್ಟು ಸಣ್ಣ ಸುಳ್ಳು ಹೇಳುವವನಲ್ಲ.

ಆ ಊರಲ್ಲಿ ಹಾಲಪ್ಪ ಅಂತ ಒಬ್ಬ ಟೆಂಪೋ ಓಡಿಸಿಕೊಂಡಿದ್ದ. ಮಂಡಕ್ಕಿ ಹುರಿಯುವ ಭಟ್ಟಿಯಿಂದ ಚೀಲ ತುಂಬಿಕೊಂಡು ಸಂತೆಗೆ ಇಳಿಸುವುದು ಅವನ ಕೆಲಸ. ಹೆಂಡತಿ ಕೆಂಚವ್ವ. ಆಗ ಅವಳು ತುಂಬಿದ ಬಸುರಿ.

ಆ ಊರಿಗೆ ಒಬ್ಬ ರಾಜ. ರಾಜನಿಗೆ ಹಾಡುವ ಚಟ. ಹಾಡಿದ ಮೇಲೆ ಚಪ್ಪಾಳೆ ಬೇಕು. ಆದರೆ ರಾಜ ಬಾಯಿ ತೆರೆದ ಕೂಡಲೇ ಜನ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಿವಿ ಮುಚ್ಚಿದ ಕೈ ಚಪ್ಪಾಳೆ ಹೇಗೆ ತಟ್ಟೀತು? ರಾಜ ಕೂತು ಯೋಚಿಸಿದ, ಮಲಗಿ ಯೋಚಿಸಿದ. ಕೊನೆಗೆ, ತನಗೆ ಬೇಕಾಗಿರುವುದು ಕಿವಿ ಇಲ್ಲದ ಕೈ ಅಂತ ತೀರ್ಮಾನಕ್ಕೆ ಬಂದ. ಕೈ ಬೇಕು, ಅದರ ಜೊತೆಗೆ ಬರುವ ಮನುಷ್ಯ ಬೇಡ.

ಮರುದಿನವೇ ಡಂಗುರ ಹೊಡೆಸಿದ. ಗಾಡಿ ಓಡಿಸುವಾಗ ಸ್ಟೇರಿಂಗು ಬಿಟ್ಟ ಕೈ ಅರಮನೆಗೆ ಸೇರತಕ್ಕದ್ದು.

ಕಾನೂನು ಒಳ್ಳೆಯದೇ ಅಂತ ಎಲ್ಲರೂ ತಲೆಯಾಡಿಸಿದರು. ಅಂಥ ರಸ್ತೆಯಲ್ಲಿ ಕೈ ಬಿಡಬಾರದು, ನಿಜ. ಆದರೆ ಮೂಗು ತುರಿಸುತ್ತದಲ್ಲ. ಜೇಬಿನಲ್ಲಿ ಫೋನು ಕುಯ್ಯೋ ಅನ್ನುತ್ತದಲ್ಲ. ಪ್ರತಿ ತಿರುವಿನ ಹಿಂದೆಯೂ ಒಬ್ಬ ಸಿಪಾಯಿ ಸೀಟಿ ಕಚ್ಚಿಕೊಂಡು ಕಾಯುತ್ತಿದ್ದ.

ಒಂದು ದಿನ ಹಾಲಪ್ಪನ ಫೋನು ಕುಯ್ಯೋ ಅಂದಿತು. ಬಸುರಿ ಹೆಂಡತಿ, ಎತ್ತದೆ ಇರಲು ಮನಸ್ಸು ಬರಲಿಲ್ಲ. ಎಡಗೈಯಲ್ಲಿ ಎತ್ತಿದ.

"ಏನ್ರಿ, ಎಲ್ಲಿದ್ದೀರಿ?"

"ಬರ್ತಾ ಇದೀನಿ ಕಣೆ."

"ಬರುವಾಗ ಹುಣಸೆಹಣ್ಣು ತನ್ನಿ."

ಅಷ್ಟೇ ಮಾತು. ಸೀಟಿ ಬಿತ್ತು. ಸಿಪಾಯಿ ಬಂದು, ಬಳೆ ಜಾರಿಸಿದ ಹಾಗೆ ಎಡಗೈಯನ್ನು ಜಾರಿಸಿಕೊಂಡ. ನೋವಿಲ್ಲ, ರಕ್ತವಿಲ್ಲ. ಕೈ ಮಾತ್ರ ಹೋಗುವಾಗ ಒಮ್ಮೆ ತಿರುಗಿ ಹಾಲಪ್ಪನಿಗೆ ಟಾಟಾ ಮಾಡಿತು.

"ಹುಣಸೆಹಣ್ಣೆಲ್ಲಿ?" ಅಂದಳು ಮನೆಯಲ್ಲಿ ಕೆಂಚವ್ವ.

"ಕೈಯೇ ಹೋಯ್ತಲ್ಲ ಕೆಂಚಿ, ಹುಣಸೆಹಣ್ಣನ್ನ ಯಾವುದರಲ್ಲಿ ಹಿಡೀಲಿ?"

ಕೆಂಚವ್ವ ಖಾಲಿ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರಿ, ಪಂಚೆ ನಾನು ಕಟ್ಟಿಕೊಡ್ತೀನಿ. ತಲೆಗೆ ಎಣ್ಣೆ ನಾನು ಹಚ್ತೀನಿ. ಆದ್ರೆ ಎಳೆಗೂಸನ್ನ ಒಂದು ಕೈಲಿ ಎತ್ತೋಕಾಗಲ್ಲ. ಕುತ್ತಿಗೆ ನಿಲ್ಲಲ್ಲ ಅದಕ್ಕೆ. ಒಂದು ಕೈ ತಲೆಗೆ ಬೇಕು, ಒಂದು ಕೈ ಕುಂಡೆಗೆ ಬೇಕು. ಕೂಸು ಬರೋದ್ರೊಳಗೆ ಆ ಕೈ ಬಂದಿರಬೇಕು."

ಆವತ್ತಿನಿಂದ ಹಾಲಪ್ಪನಿಗೆ ಅದೊಂದೇ ಚಿಂತೆ. ಉಳಿದ ಬಲಗೈಯನ್ನು ಸ್ಟೇರಿಂಗಿಗೆ ಅಂಟಿಸಿದ ಹಾಗೆ ಹಿಡಿದು ಓಡಿಸಿದ. ಗೇರು ಹೇಗೆ ಹಾಕುತ್ತಿದ್ದ ಅಂತ ಕೇಳುತ್ತೀರಿ. ಮೊಣಕಾಲಲ್ಲಿ. ನನಗೂ ಬರುತ್ತದೆ, ತೋರಿಸಲು ಈಗ ಗಾಡಿಯಿಲ್ಲ.

ಅಷ್ಟರಲ್ಲಿ ಊರಾಚೆಯ ಗುಡ್ಡದ ಮೇಲೆ ಒಂದು ಟವರು ಎದ್ದಿತು. ಅಲ್ಲಿಯವರೆಗೆ ಆ ಊರ ಫೋನಿನಲ್ಲಿ ಮಾತು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಈಗ ಇಂಟರ್ನೆಟ್ಟು ಊರಿಗೆ ಹೊರಟಿತು. ಬೇರೆ ಊರಲ್ಲಾದರೆ ಗಾಳಿಯಲ್ಲಿ ನೆಟ್ಟಗೆ ಬರುತ್ತಿತ್ತು. ತಿರುವಿನಕೊಪ್ಪಕ್ಕೆ ಗಾಳಿ ಕೂಡ ರಸ್ತೆ ಹಿಡಿದೇ ಬರಬೇಕು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ಪಾಪ, ಇಂಟರ್ನೆಟ್ಟಿಗೆ ತಲೆ ಸುತ್ತಿತು. ಹೊಟ್ಟೆ ತೊಳಸಿತು.

ಘಾಟಿಯ ಬಸ್ಸಿನಲ್ಲಿ ತಲೆ ಸುತ್ತಿದವರು ಏನು ಮಾಡುತ್ತಾರೆ? ನಿಂಬೆಹಣ್ಣು ಮೂಸುತ್ತಾರೆ. ಇಂಟರ್ನೆಟ್ಟೂ ನಿಂಬೆಹಣ್ಣು ಹುಡುಕಿತು.

ಹಾಲಪ್ಪನ ಟೆಂಪೋದಲ್ಲಿ ಇತ್ತು. ದೃಷ್ಟಿಯಾಗದಿರಲಿ ಅಂತ ಕೆಂಚವ್ವ ಒಂದು ನಿಂಬೆಹಣ್ಣನ್ನೂ ಒಂದಿಷ್ಟು ಹಸಿಮೆಣಸಿನಕಾಯನ್ನೂ ದಾರಕ್ಕೆ ಪೋಣಿಸಿ ಕಟ್ಟಿದ್ದಳು. ಹೊರಗೆ ಕಟ್ಟಿದರೆ ಮೇಕೆ ತಿನ್ನುತ್ತದೆ ಅಂತ ಒಳಗಿನ ಕನ್ನಡಿಗೇ ಕಟ್ಟಿದ್ದಳು. ಇಂಟರ್ನೆಟ್ಟು ಬಂದು ಮೂಸಿತು. ಹಿತವಾಯಿತು. ಇನ್ನಷ್ಟು ಮೂಸಿತು. ಮೂಸುತ್ತ ಮೂಸುತ್ತ ಒಳಗೇ ಹೋಗಿಬಿಟ್ಟಿತು. ಒಳಗೆ ತಣ್ಣಗಿತ್ತು. ಅಲ್ಲೇ ಕೂತಿತು.

"ಹಾಲಣ್ಣಾ, ಮುಂದೆ ಬಲಕ್ಕೆ ತಿರುವು," ಅಂದಿತು ನಿಂಬೆಹಣ್ಣು.

ಹಾಲಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಮಂಡಕ್ಕಿ ಚೀಲಗಳು. ಅವು ಮಾತಾಡುವ ಪೈಕಿಯಲ್ಲ.

"ಯಾರದು?"

"ನಾನು, ನಿಂಬೆಹಣ್ಣು. ಏನು ಬೇಕಾದರೂ ಕೇಳು. ಕೈ ಎತ್ತಬೇಡ, ಬಾಯಿ ಬಿಡು."

ಹಾಲಪ್ಪ ಹೆದರುತ್ತಲೇ ಕೇಳಿದ. "ನಿಂಬೆವ್ವಾ, ಇವತ್ತು ಮಳೆ ಬರುತ್ತಾ?"

"ಸಂತೆ ಹತ್ತಿರ ಬರುತ್ತೆ. ಚೀಲದ ಮೇಲೆ ತಾಡಪಾಲು ಎಳೆದುಕೊಂಡಿರು."

"ಆ ಆಕಳು ಯಾಕೆ ರಸ್ತೆಗೆ ಅಡ್ಡ ನಿಂತಿದೆ?"

"ಅದು ನನಗೂ ಗೊತ್ತಿಲ್ಲ. ಆಕಳನ್ನೇ ಕೇಳು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದ್ದಕ್ಕೆ ಹಾಲಪ್ಪನಿಗೆ ನಿಂಬೆಯ ಮೇಲೆ ನಂಬಿಕೆ ಬಂತು. ತೊಂದರೆ ಇದ್ದದ್ದು ಮೆಣಸಿನಕಾಯಿಗಳದ್ದು. ಅವು ಯಾರೂ ಕೇಳದೆ ಮಾತಾಡುತ್ತಿದ್ದವು. "ಇವನಿಗೆ ಗಾಡಿ ಕೊಟ್ಟವರು ಯಾರು?" ಅಂತ ಒಂದು. "ಮೊದಲು ಮೀಸೆ ತೆಗಿ," ಅಂತ ಇನ್ನೊಂದು. "ಆ ಆಕಳೇ ಸರಿ, ಇವನೇ ತಪ್ಪು," ಅಂತ ಮತ್ತೊಂದು.

"ಅವುಗಳಿಗೆ ಉತ್ತರ ಕೊಡಬೇಡ ಹಾಲಣ್ಣ," ಅಂದಿತು ನಿಂಬೆ. "ನಾನು ಎಲ್ಲಿಗೆ ಹೋದರೂ ಅವು ಹಿಂದೆಯೇ ಬರುತ್ತವೆ."

ಆವತ್ತಿನಿಂದ ಕೆಂಚವ್ವನ ಫೋನು ಬಂದರೆ ನಿಂಬೆಯೇ ಎತ್ತಿತು. ಬಾಕಿ ಗಾಡಿಯವರು ನೋಡಿದರು. ತಮ್ಮ ನಿಂಬೆಹಣ್ಣನ್ನು ತಂದು ಹಾಲಪ್ಪನ ನಿಂಬೆಗೆ ತಾಗಿಸಿಕೊಂಡು ಹೋದರು. ಅವೂ ಮಾತಾಡಿದವು. ಸಂತೆಗೆ ಹೋದ ನಿಂಬೆ ಸಂತೆಯ ನಿಂಬೆಗೆಲ್ಲ ತಾಗಿತು. ಹೋಟೆಲಿನಲ್ಲಿ ಚಿತ್ರಾನ್ನಕ್ಕೆ ಹಿಂಡಲು ಹೋದರೆ, "ಮಾತು ಮುಗಿಸೋಕೆ ಬಿಡ್ರಪ್ಪ," ಅನ್ನುತ್ತಿತ್ತು. ಊರಲ್ಲಿ ಚಿತ್ರಾನ್ನ ಸಪ್ಪೆಯಾಯಿತು. ಆದರೆ ಒಂದು ಕೈಯೂ ಸ್ಟೇರಿಂಗು ಬಿಡಲಿಲ್ಲ.

ಅರಮನೆಯ ಚಪ್ಪಾಳೆಮನೆಗೆ ಹೊಸ ಕೈ ಬರುವುದು ನಿಂತಿತು. ಗೂಟಕ್ಕೆ ತೂಗಿದ ಹಳೆಯ ಕೈಗಳು ತಟ್ಟಿ ತಟ್ಟಿ ಕೆಂಪಾಗಿದ್ದವು. ರಾಜ ಹಾಲಪ್ಪನನ್ನು ಕರೆಸಿದ.

"ಏಯ್ ಹಾಲಪ್ಪ, ಇದೆಲ್ಲ ನಿನ್ನ ನಿಂಬೆಹಣ್ಣಿನ ಕೆಲಸ ಅಂತೆ. ಒಂದು ಪಂದ್ಯ ಕಟ್ಟೋಣ. ನಾನು ನಿನ್ನ ಪಕ್ಕ ಕೂರುತ್ತೇನೆ. ಇಲ್ಲಿಂದ ನಿನ್ನ ಮನೆತನಕ ಓಡಿಸು. ದಾರಿಯಲ್ಲಿ ಬಲಗೈ ಒಮ್ಮೆ ಸ್ಟೇರಿಂಗು ಬಿಟ್ಟರೂ ಅದು ನನ್ನದು. ಬಿಡದಿದ್ದರೆ ನಿನ್ನ ಎಡಗೈ ವಾಪಸು."

ಸೋತರೆ ಕೂಸನ್ನು ಎತ್ತಲು ಇರುವ ಒಂದು ಕೈಯೂ ಇಲ್ಲ. ಹಾಲಪ್ಪ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಆದರೂ, "ಹೂಂ ಬುದ್ಧಿ," ಅಂದ.

ರಾಜ ಅಲ್ಲಿಯವರೆಗೆ ಅರಮನೆಯ ಹೊಸಿಲು ದಾಟಿ ಹೊರಗೆ ಬಂದವನೇ ಅಲ್ಲ. ಟೆಂಪೋ ಹತ್ತಿದವನೇ ಜೇಬಿನಿಂದ ಒಂದು ನವಿಲುಗರಿ ತೆಗೆದ. ಹಾಲಪ್ಪನ ಮೂಗಿನ ತುದಿಗೆ ಆಡಿಸಿದ. ಮೂಗು ತುರಿಸಿತು. ಕಣ್ಣಲ್ಲಿ ನೀರು ಬಂತು.

"ನಿಂಬೆವ್ವಾ, ಏನಾದರೂ ಮಾಡು."

"ಒಂದು ಹಾಡು ಹಾಕುತ್ತೇನೆ," ಅಂದಿತು ನಿಂಬೆ. ರಾಜನದೇ ಹಾಡು ಹಾಕಿತು.

ರಾಜ ಗರಿ ಕೆಳಗಿಟ್ಟ. ಕಣ್ಣು ಮುಚ್ಚಿ ತಲೆದೂಗಿದ. ಹಾಲಪ್ಪನಿಗೆ ಮೂಗಿನ ಕಷ್ಟ ಹೋಗಿ ಕಿವಿಯ ಕಷ್ಟ ಬಂತು. ಮುಚ್ಚಿಕೊಳ್ಳೋಣ ಅಂದರೆ ಕೈ ಬಿಡುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಓಡಿಸಿದ. "ಇದಕ್ಕಿಂತ ಗರಿಯೇ ವಾಸಿ," ಅಂದವು ಮೆಣಸಿನಕಾಯಿಗಳು. ಆವತ್ತು ಒಂದು ದಿನ ಅವು ಹೇಳಿದ್ದು ನಿಜವಾಗಿತ್ತು.

ಹಾಡಿನ ನಡುವೆ ನಿಂಬೆ ಅಂದಿತು, "ಕೆಂಚವ್ವ ಕರೀತಿದ್ದಾಳೆ. ಕೇಳಿಸಲಾ?"

"ಕೇಳಿಸು."

"ಏನ್ರಿ, ಎಲ್ಲಿದ್ದೀರಿ? ನೋವು ಶುರುವಾಯ್ತು."

ಹಾಲಪ್ಪನ ಎದೆ ಧಸಕ್ ಅಂದಿತು. ಬಲಗೈ ತಾನಾಗಿ ಎದೆಯ ಕಡೆ ಹೊರಟಿತು. ಬೆರಳು ಸಡಿಲಾಯಿತು. ರಾಜ ಬಗ್ಗಿ ನೋಡಿದ.

"ಕೈ ಅಲ್ಲೇ ಇರಲಿ," ಅಂದಿತು ನಿಂಬೆ. "ಸೂಲಗಿತ್ತಿ ದುರುಗವ್ವನಿಗೆ ನಾನು ಹೇಳಿಯಾಯ್ತು. ಅವಳು ಹೊರಟಾಯ್ತು. ನೀನು ಮುಂದೆ ಎಡಕ್ಕೆ ತಿರುಗು."

ಹಾಲಪ್ಪ ಬೆರಳು ಬಿಗಿ ಮಾಡಿದ. ಮೊಣಕಾಲಲ್ಲಿ ಗೇರು ತಳ್ಳಿದ. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ಟೆಂಪೋ ತನ್ನ ಹಿಂಭಾಗವನ್ನು ತಾನೇ ಅಟ್ಟಿಸಿಕೊಂಡು ಓಡಿತು. ರಾಜನ ಮುಖ ಮೊದಲು ಬಿಳುಚಿತು, ಆಮೇಲೆ ಹಸಿರಾಯಿತು.

"ಹಾಲಪ್ಪಾ, ಹೊಟ್ಟೆ ತೊಳಸ್ತಿದೆ. ಗಾಡಿ ನಿಲ್ಲಿಸೋ."

"ನಾನು ನಿಲ್ಲಿಸಿದರೂ ಕೂಸು ನಿಲ್ಲಿಸಲ್ಲ ಬುದ್ಧಿ. ನಿಂಬೆಹಣ್ಣು ಮೂಸಿ."

ರಾಜ ನಿಂಬೆಯನ್ನು ಮೂಗಿಗೆ ಹಿಡಿದ. ಹಾಡುಗಾರನ ಉಸಿರಲ್ಲವೇ, ಭಾರೀ ಉಸಿರು. ಒಂದೇ ಸಲ ಸೊರ್ ಅಂತ ಎಳೆದ. ಒಳಗಿದ್ದ ಇಂಟರ್ನೆಟ್ಟು ಅಷ್ಟೂ ಮೂಗಿನೊಳಗೆ ಹೋಯಿತು. ನಿಂಬೆ ಮಾತು ನಿಲ್ಲಿಸಿತು.

"ಮುಂದೆ ಬಲಕ್ಕೆ ತಿರುವು," ಅಂದ ರಾಜ.

ಅಂದವನೇ ಬೆಚ್ಚಿದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ, "ಆಮೇಲೆ ಎಡಕ್ಕೆ," ಅಂತ ಬಂತು.

ಹಾಲಪ್ಪನಿಗೆ ವಿಷಯ ಅರ್ಥವಾಯಿತು. ಮೆಲ್ಲಗೆ ಕೇಳಿದ. "ಬುದ್ಧಿ, ನನ್ನ ಎಡಗೈ ಎಲ್ಲಿದೆ?"

ನಿನಗ್ಯಾಕೋ ಅನ್ನಬೇಕು ಅಂತ ರಾಜನಿಗೆ ಆಸೆ. ಆದರೆ ಇಂಟರ್ನೆಟ್ಟು ಒಳಗಿದ್ದರೆ ಕೇಳಿದ್ದಕ್ಕೆ ಹೇಳಲೇಬೇಕು. "ಚಪ್ಪಾಳೆಮನೆಯಲ್ಲಿ, ಕಿಟಕಿ ಪಕ್ಕದ ಗೂಟದಲ್ಲಿ."

"ತರಿಸಬಹುದಾ?"

"ತರಿಸಬಹುದು. ಒಂದನ್ನೇ ತರಿಸಲಾ, ಎಲ್ಲವನ್ನೂ ತರಿಸಲಾ?"

ಹಾಲಪ್ಪನಿಗೆ ಊರ ಗಾಡಿಯವರೆಲ್ಲರ ಖಾಲಿ ತೋಳು ನೆನಪಾಯಿತು. "ಎಲ್ಲವನ್ನೂ ತರಿಸಿ ಬುದ್ಧಿ."

"ಆಗಲಿ. ಹೊರಟಿವೆ."

ಹೊರಟೇಬಿಟ್ಟಿದ್ದವು. ಕೈಗಳಿಗೆ ಚಿಲಕ ತೆಗೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗೂಟದಿಂದ ಇಳಿದು, ಬೆರಳ ಮೇಲೆ ನಡೆದು, ರಸ್ತೆ ತುಂಬ ಬಂದವು. ತಿರುವು ಬಂದಾಗ ಕೈ ತೋರಿಸಿ ತಿರುಗಬೇಕು ಅನ್ನುವುದು ಅವಕ್ಕೆ ಗೊತ್ತು. ಆದರೆ ಮೈಯೇ ಕೈ ಆದ್ದರಿಂದ ಪ್ರತಿ ತಿರುವಿನಲ್ಲೂ ಇಡೀ ಮಲಗಿ ಎದ್ದು ಬರಬೇಕಾಯಿತು. ಸಿಪಾಯಿಗಳಿಗೆ ಸೀಟಿ ಹೊಡೆಯಬೇಕೋ ಬೇಡವೋ ತಿಳಿಯಲಿಲ್ಲ. ಸ್ಟೇರಿಂಗು ಬಿಟ್ಟ ಕೈಗಳು ಹೌದು, ಹಿಡಿಯೋಣ ಅಂದರೆ ಮನುಷ್ಯನೇ ಇಲ್ಲ.

ಟೆಂಪೋ ಮನೆ ಮುಂದೆ ನಿಂತಿತು. ಒಳಗಿನಿಂದ ಕೂಸಿನ ಅಳು ಕೇಳಿತು. ಹಾಲಪ್ಪ ಇಳಿಯಲಿಲ್ಲ. ಬೆವರು ಕಣ್ಣಿಗಿಳಿದರೂ ಬಲಗೈ ಸ್ಟೇರಿಂಗಿನ ಮೇಲೇ ಇತ್ತು.

"ಬುದ್ಧಿ, ಮನೆ ಬಂತಾ?"

ರಾಜ ತುಟಿ ಕಚ್ಚಿದ. ಕೆನ್ನೆ ಉಬ್ಬಿಸಿದ. ಏನು ಮಾಡಿದರೂ ಮಾತು ನಿಲ್ಲಲಿಲ್ಲ. "ನೀನು ಸೇರಬೇಕಾದ ಜಾಗ ಬಂದಿದೆ," ಅಂದ. "ಇನ್ನು ಕೈ ಬಿಡಬಹುದು."

ಆಗ ಬಿಟ್ಟ.

ಎಡಗೈ ಹಿಂದೆಯೇ ಏದುಸಿರು ಬಿಡುತ್ತ ಬಂತು. ಕೆಂಪಾಗಿತ್ತು, ಧೂಳಾಗಿತ್ತು. ಹಾಲಪ್ಪ ಅದನ್ನು ತೊಳೆದು, ಒರೆಸಿ, ತೋಳಿಗೆ ಏರಿಸಿಕೊಂಡು ಒಳಗೆ ಹೋದ. ಕೂಸು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಹೆಣ್ಣುಕೂಸು.

"ಹುಷಾರು ಕಣ್ರಿ," ಅಂದಳು ಮಲಗಿದ್ದ ಕೆಂಚವ್ವ. "ಆ ಕೈ ಅರಮನೇಲಿ ಚಪ್ಪಾಳೆ ಬಿಟ್ಟು ಬೇರೆ ಏನೂ ಕಲ್ತಿಲ್ಲ. ಕೂಸು ಬೆಚ್ಚಿಬಿದ್ದೀತು."

"ಕೈ ಒಡ್ಡಪ್ಪ, ನನಗೆ ಇನ್ನೂ ಸಾರಿಗೆ ಒಗ್ಗರಣೆ ಹಾಕೋದಿದೆ," ಅಂತ ದುರುಗವ್ವ ಕೂಸನ್ನು ಕೊಟ್ಟೇಬಿಟ್ಟಳು. ಬಲಗೈ ತಲೆಗೆ, ಎಡಗೈ ಕುಂಡೆಗೆ. ಎಡಗೈಗೆ ಹಳೆಯ ಚಾಳಿ ಬಿಡಲಿಲ್ಲ, ತಟ್ಟತೊಡಗಿತು. ಆದರೆ ಜೋಡಿ ಕೈ ಕೂಸಿನ ತಲೆಯಡಿ ಇತ್ತಲ್ಲ. ತಟ್ಟಲು ಸಿಕ್ಕಿದ್ದು ಕೂಸು ಮಾತ್ರ. ಮೆಲ್ಲಗೆ ತಟ್ಟಿತು. ತಟ್ಟಿ ತಟ್ಟಿ ಪಳಗಿದ ಕೈ, ತಾಳ ತಪ್ಪಲಿಲ್ಲ. ಕೂಸಿನ ಅಳು ಸಣ್ಣದಾಯಿತು. ಕಣ್ಣು ಜಡವಾಯಿತು. ನಿದ್ದೆ ಹೋಯಿತು.

ಅಷ್ಟರಲ್ಲಿ ಒಲೆಯಿಂದ ಒಗ್ಗರಣೆ ಘಾಟು ಎದ್ದು ಬಾಗಿಲಿಗೆ ಬಂತು. ಬಾಗಿಲಲ್ಲಿ ರಾಜ ನಿಂತಿದ್ದ. ದುರುಗವ್ವನ ಸೆರಗು ಹಾರುವ ಹಾಗೆ ಸೀನಿದ. ಇಂಟರ್ನೆಟ್ಟು ಮೂಗಿನಿಂದ ಹಾರಿ ನಿಂಬೆಹಣ್ಣಿಗೆ ವಾಪಸು ಹೋಯಿತು.

"ಕೈಯೆಲ್ಲ ಅವರವರ ತೋಳಿಗೆ ಹೋದವಲ್ಲ," ಅಂದ ರಾಜ, ಮೂಗೊರೆಸಿಕೊಂಡು. "ಇನ್ನು ನನ್ನ ಹಾಡಿಗೆ ಯಾರು ದಿಕ್ಕು?"

"ಹಾಡಿ ಬುದ್ಧಿ, ಬೇಡ ಅಂದವರ್ಯಾರು," ಅಂದಳು ಕೆಂಚವ್ವ. "ಮೆಲ್ಲಗೆ ಹಾಡಿ. ಕೂಸು ಮಲಗಿದೆ."

ರಾಜ ಹುಟ್ಟಿದಾಗಿನಿಂದ ಮೆಲ್ಲಗೆ ಹಾಡಿದವನಲ್ಲ. ಆವತ್ತು ಹಾಡಿದ. ಹಾಲಪ್ಪನ ಎಡಗೈ ಕೂಸನ್ನು ತಟ್ಟುತ್ತಲೇ ಇತ್ತು. ಮನೆಯಲ್ಲಿ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಮಾರನೆಯ ದಿನ ಚಪ್ಪಾಳೆಮನೆಗೆ ಬೀಗ ಬಿತ್ತು. ರಾಜ ಈಗಲೂ ಸಂಜೆ ಹೊತ್ತು ಯಾವುದಾದರೂ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಯಾರಾದರೂ ದಾರಿ ಕೇಳಲಿ ಅಂತ. ಆ ಕಡೆ ಹೋದರೆ ಕೇಳಿ. ಎಡಕ್ಕೋ ಬಲಕ್ಕೋ ಅಂತ ಹೇಳಿ, ನೀವು ಬೇಡ ಅಂದರೂ ಒಂದು ಹಾಡು ಹೇಳುತ್ತಾನೆ.

ಕತೆಯ ನೀತಿ ಏನಪ್ಪ ಅಂದರೆ, ಗಾಡಿ ಓಡಿಸುವಾಗ ಕೈ ಸ್ಟೇರಿಂಗಿನ ಮೇಲಿರಲಿ, ಮಾತು ನಿಂಬೆಹಣ್ಣಿನ ಜೊತೆ ಇರಲಿ, ಮೆಣಸಿನಕಾಯಿಗೆ ಮಾತ್ರ ಉತ್ತರ ಕೊಡಬೇಡಿ.

ಅವರಿಗೆ ಅಲ್ಲಿ ಎರಡು ಕೈ ತುಂಬಿತು, ನಮಗೆ ಇಲ್ಲಿ ಎರಡು ಕಿವಿ ತುಂಬಿತು.