ಅರಮನೆಯ ತಂಗಿ ಕುಂಬಾರಗೇರಿಗೆ ಬಂದದ್ದು

ಮಡುವಿನಕೋಟೆಯಲ್ಲಿ ಯಾರ ಮನೆ ಬಿದ್ದರೂ ಅರಮನೆಯೇ ಕಟ್ಟಿಸಿಕೊಡುತ್ತದೆ ಎಂದು ಡಂಗುರ ಹೊಡೆಸಿದವನು ಬೊಕ್ಕಸದ ಅಧಿಕಾರಿ ಸೂರಪ್ಪಯ್ಯ. ಬೆಂಕಿ ಬೀಳಲಿ, ಆನೆ ನುಗ್ಗಲಿ, ಕುಡಿದ ಭಾವಮೈದ ಬಂದು ಗೋಡೆಗೆ ಗುದ್ದಲಿ, ಚಿಂತೆಯಿಲ್ಲ. ಸುಗ್ಗಿಗೊಮ್ಮೆ ಮನೆಗೊಂದು ಚೀಲ ರಾಗಿ ತಂದು ಕಣಜಕ್ಕೆ ಸುರಿದರಾಯಿತು. ಇದಕ್ಕೆ ಮನೆಗಾಪು ಎಂದು ಹೆಸರಿಟ್ಟವನೂ ಅವನೇ. ಆ ರಾಜ್ಯದಲ್ಲಿ ಆನೆಗಳೇ ಇರಲಿಲ್ಲ ಎನ್ನುವುದು ಬೇರೆ ಮಾತು.

ವರ್ಷ ವರ್ಷ ರಾಗಿ ಬಂತು, ಮನೆ ಮಾತ್ರ ಒಂದೂ ಬೀಳಲಿಲ್ಲ. ಸೂರಪ್ಪಯ್ಯನ ಹೊಟ್ಟೆ ತಣ್ಣಗಿತ್ತು. ಅಷ್ಟರಲ್ಲಿ ನೀಲವ್ವ ಹೊಳೆ ಉಕ್ಕಿ ಬಂದು ಕುಂಬಾರಗೇರಿಯನ್ನು ಗುಡಿಸಿಕೊಂಡು ಹೋಯಿತು.

ಕುಂಬಾರ ಸಂಕವ್ವ ಅರಮನೆಗೆ ಬಂದಳು. ಅವಳಿಗೆ ಮನೆಯೂ ಉಳಿದಿರಲಿಲ್ಲ, ಮಡಕೆಯೂ ಉಳಿದಿರಲಿಲ್ಲ. ಬಾಣಂತಿ ಮಗಳು ಹಸುಗೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಗುಡಿಯ ಜಗಲಿಯಲ್ಲಿ ಮಲಗಿದ್ದಳು. ಕೂಸಿಗೊಂದು ಸೂರು ಬೇಕು ಎಂದಳು ಸಂಕವ್ವ.

ಸೂರಪ್ಪಯ್ಯನಿಗೆ ಕನಿಕರವೇನೋ ಬಂತು, ಆದರೆ ಕಣಜದ ನೆನಪು ಅದಕ್ಕಿಂತ ಬೇಗ ಬಂತು.

"ನೋಡಮ್ಮ, ಹೊಳೆ ಬರುವುದು ದೇವರ ಕೆಲಸ. ದೇವರು ಕೆಡವಿದ ಮನೆಗೆ ಮನೆಗಾಪು ಇಲ್ಲ. ದೇವರನ್ನು ಕರೆದುಕೊಂಡು ಬಾ, ಅವನ ಕೈಲೇ ಕಟ್ಟಿಸೋಣ."

ಇನ್ನು ಮೇಲೆ ಹೊಳೆದಂಡೆಯವರಿಗೆ ಮನೆಗಾಪೇ ಇಲ್ಲ, ಗುಡ್ಡದ ಮೇಲಿನ ಮನೆಗಳಿಗೆ ಮಾತ್ರ ಎಂದೂ ಸೇರಿಸಿದ. ಗುಡ್ಡದ ಮೇಲಿದ್ದದ್ದು ಅರಮನೆ, ಅದರ ಪಕ್ಕದಲ್ಲಿ ಅವನ ಮನೆ.

ದೊರೆ ವೀರಮಲ್ಲ ತಲೆ ಕೆರೆದುಕೊಂಡ. ಮೂಲೆಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಆಸ್ಥಾನದ ವಿದೂಷಕ ದುಗ್ಗಣ್ಣ, ಅಯ್ಯನವರ ಮಾತು ನ್ಯಾಯವಾಗಿದೆ ಎಂದು ತಲೆದೂಗಿದ. ಸೂರಪ್ಪಯ್ಯನಿಗೆ ಆಗಲೇ ಅನುಮಾನ ಬರಬೇಕಿತ್ತು. ದುಗ್ಗಣ್ಣ ಹೊಗಳಿದವರು ಸಂಜೆಯೊಳಗೆ ಅತ್ತದ್ದೇ ಹೆಚ್ಚು. ಆದರೆ ಹೊಗಳಿಕೆ ಯಾರಿಗೆ ಬೇಡ?

"ಒಂದೇ ಸಂಶಯ, ಅಯ್ಯನವರೇ," ಎಂದ ದುಗ್ಗಣ್ಣ. "ನೀಲವ್ವನಿಗೂ ಅರಮನೆಗೂ ಸಂಬಂಧವಿಲ್ಲ ಅಂದಮೇಲೆ ಮಳೆಗಾಲ ಬಂದರೆ ಅವಳಿಗೆ ಬಾಗಿನ ಯಾಕೆ? ಮೊರದ ತುಂಬ ಬಳೆ, ರೇಷ್ಮೆ ಸೀರೆ. ದಾರಿಹೋಕಳಿಗೆ ಅಷ್ಟೊಂದು ದಂಡ."

ಸೂರಪ್ಪಯ್ಯ ದಡಬಡಿಸಿ ಮುಂದೆ ಬಂದ. ಬಾಗಿನ ಸಿದ್ಧಪಡಿಸುವವನು ಅವನೇ. ಹೊಳೆಗೆಂದು ತಂದ ರೇಷ್ಮೆಯಲ್ಲಿ ಅರ್ಧ ಅವನ ಹೆಂಡತಿಯ ಪೆಟ್ಟಿಗೆ ಸೇರುತ್ತಿತ್ತು. ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ದಾರಿಹೋಕಳೇ?" ಎಂದ. "ನೀಲವ್ವ ಈ ಅರಮನೆಯ ಹೆಣ್ಣುಮಗಳು. ಪ್ರಭುಗಳಿಗೆ ಒಡಹುಟ್ಟಿದ ತಂಗಿ ಇದ್ದಹಾಗೆ. ಮೊನ್ನೆ ಬಾಗಿನ ಕೊಡುವಾಗ ಅವರೇ ದಂಡೆಯಲ್ಲಿ ನಿಂತು, ತವರಿಗೆ ಬಾರಮ್ಮ ಅಂತ ಬಾಯಿತುಂಬ ಕರೆದಿದ್ದಾರೆ. ಊರೆಲ್ಲ ಕೇಳಿದೆ."

"ನೀನೂ ಕೇಳಿದ್ದೆಯಾ, ಸಂಕವ್ವ?" ಎಂದ ದುಗ್ಗಣ್ಣ.

"ಕೇಳಿದ್ದೆ ಕಣಣ್ಣ. ಸೋಬಾನೆ ಹಾಡಿದೋಳೂ ನಾನೇಯ."

ದುಗ್ಗಣ್ಣ ದೊರೆಗೆ ಕೈಮುಗಿದ. "ಹಾಗಾದರೆ ದೇವರನ್ನು ಬಿಟ್ಟುಬಿಡೋಣ, ಪ್ರಭು. ತಾವು ಕರೆದಿರಿ, ತಂಗಿ ಬಂದಳು. ಅರಮನೆಯೋ ಗುಡ್ಡದ ಮೇಲಿದೆ. ಪಾಪ, ಹತ್ತಲಾರದೆ ಕುಂಬಾರಗೇರಿಯಲ್ಲೇ ಇಳಿದುಕೊಂಡಳು. ಹೋಗುವಾಗ ತವರಿಗೆ ಬಂದ ಹೆಣ್ಣುಮಕ್ಕಳ ವಾಡಿಕೆಯಂತೆ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿಕೊಂಡು ಹೋದಳು. ತಂಗಿ ಒಯ್ದದ್ದಕ್ಕೆ ಅಣ್ಣ ತೆರಬೇಕೋ, ಸಂಕವ್ವ ತೆರಬೇಕೋ?"

ದೊರೆ ಸಿಂಹಾಸನ ಅಲುಗುವಂತೆ ನಕ್ಕ. ಕುಂಬಾರಗೇರಿಯ ಮನೆಗಳೆಲ್ಲ ಕಣಜದ ರಾಗಿಯಲ್ಲಿ ಏಳಲಿ, ಅಲ್ಲಿಯವರೆಗೆ ಬಾಣಂತಿ, ಕೂಸು ಅಂತಃಪುರದಲ್ಲಿ ಬೆಚ್ಚಗಿರಲಿ ಎಂದು ಅಪ್ಪಣೆ ಮಾಡಿದ. ಸಂಕವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. "ಮುಂದಿನ ವರ್ಷ ಹೊಳೆ ಮತ್ತೆ ಬಂದರೆ," ಎಂದು ಸೂರಪ್ಪಯ್ಯ ತೊದಲಿದ, "ಬಂದದ್ದು ತಂಗಿಯೋ, ದೇವರೋ ಅಂತ ತೀರ್ಮಾನಿಸುವವರು ಯಾರು?"

"ತಾವೇ," ಎಂದ ದುಗ್ಗಣ್ಣ. "ಸಂಕವ್ವನ ಪಕ್ಕದಲ್ಲೇ ತಮಗೊಂದು ಮನೆ ಕಟ್ಟಿಸೋಣ. ನೀರು ತಮ್ಮ ಮನೆಯ ಅಮ್ಮನವರ ಸೀರೆಪೆಟ್ಟಿಗೆ ಮುಟ್ಟುತ್ತಲೇ ತೀರ್ಮಾನವಾಗುತ್ತದೆ. ಹೇಗೂ ಅದರೊಳಗೆ ಇರುವುದು ನೀಲವ್ವನದೇ ಸೀರೆಯಲ್ಲವೇ?"

ಹೊಳೆದಂಡೆಯವರಿಗೂ ಮನೆಗಾಪು ಉಂಟೆಂಬ ಡಂಗುರ ಆ ಸಂಜೆಯೇ ಊರಿಗೆಲ್ಲ ಕೇಳಿಸಿತು. ಈ ಸಲ ಹೊಡೆಸಿದವನಲ್ಲ, ಕೊರಳಿಗೆ ನೇತುಹಾಕಿಕೊಂಡು ಹೊಡೆದವನೇ ಸೂರಪ್ಪಯ್ಯ.