ಅರ್ಧಕ್ಕೆ ನಿಂತ ಮಾತು

“ಸರ್, ಪಿಂಗ್‌ಗೆ ತಕ್ಷಣ ಉತ್ತರ ಬರುತ್ತಿದ್ದರೆ ನೆಟ್‌ವರ್ಕ್ ಸರಿಯಾಗಿದೆ ಎಂದೇ ಅರ್ಥವಲ್ಲವೇ?” ಎಂದು ಧರಣೇಂದ್ರ ಕೇಳಿದ.

ಬೆಟ್ಟದ ಮೇಲಿನ ಆಸ್ಪತ್ರೆಯೊಂದರಿಂದ, ನೆಟ್‌ವರ್ಕ್ ನೋಡಿಕೊಳ್ಳುವ ಅವನಿಗೆ ಮತ್ತೆ ದೂರು ಬಂದಿತ್ತು. ಎಕ್ಸ್-ರೇ ಚಿತ್ರಗಳು ಪೇಟೆಯ ಡಾಕ್ಟರಿಗೆ ತಲುಪುತ್ತಿಲ್ಲ, ಅರ್ಧಕ್ಕೇ ನಿಲ್ಲುತ್ತವೆ ಎಂದು ಅಲ್ಲಿನ ನರ್ಸ್ ಹೇಳಿದ್ದಳು. ಅವನು ಕೂತಲ್ಲಿಂದಲೇ ಆಸ್ಪತ್ರೆಯ ಕಂಪ್ಯೂಟರಿಗೆ ಪಿಂಗ್ ಕಳಿಸಿದ. ‘ಇದ್ದೀಯಾ?’ ಎಂದು ಕೇಳುವ ಪುಟ್ಟ ಸಂದೇಶ ಅದು. ‘ಇದ್ದೇನೆ’ ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ದೋಷವಿಲ್ಲ ಎಂದು ಬರೆದು ದೂರನ್ನು ಮುಗಿಸಿದ. ಆದರೂ ಯಾಕೋ ಸಮಾಧಾನವಾಗದೆ, ಕೆಲಸ ಕಲಿಸಿದ ಬಸವಂತ ಸರ್ ಬಳಿ ಬಂದಿದ್ದ.

ಸರ್ ನೇರ ಉತ್ತರ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಮಗಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದ. ಅವಳ ಸುದ್ದಿ ತಿಳಿಯಲೆಂದು ಒಬ್ಬ ಓಟಗಾರನನ್ನು ಇಟ್ಟ. ಅವನು ದಿನಾ ಬೆಳಿಗ್ಗೆ ಅವಳ ಮನೆ ಬಾಗಿಲಲ್ಲಿ ನಿಂತು, “ತಾಯೀ, ಇದ್ದೀರಾ?” ಎಂದು ಕೂಗಬೇಕು. ಅವಳು “ಇದ್ದೇನೆ” ಎನ್ನಬೇಕು. ಅವನು ತಿರುಗಿ ಓಡಿ ಬರಬೇಕು. ವ್ಯಾಪಾರಿ ಅಂಗಳದ ಕಂಬದ ನೆರಳು ನೋಡಿ ಹೊತ್ತು ಅಳೆಯುತ್ತಿದ್ದ. ಉತ್ತರ ಬೇಗ ಬಂದ ದಿನ ಅವನಿಗೆ ಹಿಗ್ಗೋ ಹಿಗ್ಗು. “ಮಗಳು ಪಕ್ಕದ ಮನೆಯಲ್ಲೇ ಇದ್ದ ಹಾಗಿದೆ ನೋಡಿ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಓಟಗಾರ ತಡವಾಗಿ ಬಂದ.

“ಅಮ್ಮಾವ್ರು ಏನೋ ಹೇಳೋಕೆ ಶುರು ಮಾಡಿದ್ರು, ಯಜಮಾನ್ರೇ. ಉದ್ದದ ಮಾತು. ಅರ್ಧ ಕೇಳಿದ್ದೆ, ಅಷ್ಟರಲ್ಲಿ ಅವರ ಅತ್ತೆ ಹೊರಗೆ ಬಂದ್ರು.”

“ನಿನ್ನನ್ನು ಹರಟೆ ಹೊಡೆಯೋಕೆ ಕಳಿಸಿದ್ದೆನೇನೋ? ಒಂದು ಮಾತು ತಂದರೆ ಸಾಕು” ಎಂದು ವ್ಯಾಪಾರಿ ಗದರಿದ.

ಕೇಳಿದ ಆ ಅರ್ಧ ಮಾತು ಏನೆಂದು ಅವನು ವಿಚಾರಿಸಲಿಲ್ಲ. ಮರುದಿನದಿಂದ ಓಟಗಾರ ಮೊದಲಿಗಿಂತ ಬೇಗ ಬರತೊಡಗಿದ. ವ್ಯಾಪಾರಿ ಮೆಚ್ಚಿ ಅವನಿಗೊಂದು ರುಮಾಲು ಕೊಟ್ಟ.

ಮಳೆಗಾಲ ಕಳೆದ ಮೇಲೆ ವ್ಯಾಪಾರಿ ತಾನೇ ಹೊಳೆ ದಾಟಿ ಹೋದ. ಮಗಳು ಗೋಡೆಗೆ ಒರಗಿ ಕೂತಿದ್ದಳು. ಮೈಯಲ್ಲಿ ಮೂಳೆ ಮಾತ್ರ ಉಳಿದಿತ್ತು. ಅವಳಿಗೆ ತಂದೆಯ ಗುರುತು ಸಿಗಲಿಲ್ಲ. ಬಾಗಿಲಲ್ಲಿ ಯಾರೋ ನಿಂತದ್ದು ಕಂಡಿತು. ಯಾರೂ ಕೂಗದಿದ್ದರೂ “ಇದ್ದೇನೆ” ಎಂದಳು.

ಸರ್ ಅಲ್ಲಿಗೇ ನಿಲ್ಲಿಸಿದರು.

ಧರಣೇಂದ್ರನಿಗೆ ಸಿಟ್ಟು ಬಂತು. “ಓಟಗಾರ ಎಂಥವನು ಸರ್? ಕೇಳಿದ್ದ ಅರ್ಧವನ್ನಾದರೂ ಹೇಳಬಹುದಿತ್ತಲ್ಲ.”

“ಅವನನ್ನು ಬಿಡು. ಅರ್ಧಕ್ಕೆ ನಿಂತ ಆ ಎಕ್ಸ್-ರೇ ಯಾರದೆಂದು ನೀನು ಕೇಳಿದೆಯಾ?”

ಧರಣೇಂದ್ರ ಫೋನ್ ತೆಗೆದು ಆಸ್ಪತ್ರೆಯ ನರ್ಸ್‌ಗೆ ಕರೆ ಮಾಡಿದ.